ಎರಡು ಕೊರಳು, ಒಂದೇ ಚೈನ್?

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಚಿನ್ನಿ ಹನ್ನೊಂದು ವರ್ಷದ ಪೊಮೆರೇನಿಯನ್. ಭೀಮ ಮೂರು ವರ್ಷದ ಮುಧೋಳ, ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯ ಮೇಲೆ ಅಚ್ಚು ಹಾಕಿದ ತಳಿಯವನು. ಇವರಿಬ್ಬರನ್ನು ಹಿಡಿದು ಹೊರಟಾಗಲೆಲ್ಲ ಬೀದಿಯವರದು ಒಂದೇ ಉಪದೇಶ: ‘ಎರಡಕ್ಕೂ ಗಟ್ಟಿ ಚೈನ್ ಹಾಕಿ ಮೇಡಂ, ಸಾಕು.’

ಸಾಕಾಗುವುದಿಲ್ಲ ಸ್ವಾಮಿ. ಕಬ್ಬಿಣದ ಚೈನು ಗೇಟಿಗೆ ಲಾಯಕ್ಕು.

ಕೊರಳಪಟ್ಟಿ ಒಂದಿಷ್ಟು ಜಗ್ಗಿದರೆ ಚಿನ್ನಿ ಐಸ್‌ಕ್ಯಾಂಡಿ ಮಾರುವವನ ರಬ್ಬರ್ ಹಾರನ್ನಿನಂತೆ ಕೆಮ್ಮುತ್ತಾಳೆ. ಇಂಥ ಪುಟ್ಟ ತಳಿಗಳಲ್ಲಿ ವಯಸ್ಸಾದಂತೆ ಶ್ವಾಸನಾಳದ ಉಂಗುರಗಳು ಬಲ ಕಳೆದುಕೊಂಡು ನಾಳ ಚಪ್ಪಟೆಯಾಗುವುದುಂಟು. ಪಶುವೈದ್ಯರು ಹೇಳಿದ ದಿನವೇ ಎದೆಗೆ ತೊಡಿಸುವ ಹಾರ್ನೆಸ್ ತಂದೆ. ನೊಗವನ್ನು ನಾವು ಎತ್ತಿನ ಹೆಗಲ ಮೇಲೆ ಇಡುತ್ತೇವೆ, ಗಂಟಲಿಗೆ ಕಟ್ಟುವುದಿಲ್ಲವಲ್ಲ.

ಭೀಮನಿಗೂ ಅದೇ ಇರಲಿ ಎಂದುಕೊಂಡದ್ದು ನನ್ನ ದಡ್ಡತನ. ಬೆನ್ನ ಮೇಲೆ ಕೊಂಡಿಯಿರುವ ಹಾರ್ನೆಸ್ ತೊಡಿಸಿದ್ದೇ ತಡ, ಅವನು ಎತ್ತಾದ, ನಾನು ಗಾಡಿಯಾದೆ! ಕೊರಳಪಟ್ಟಿಗೆ ಮರಳಿದರೆ ಬೇರೆ ತಾಪತ್ರಯ. ಮುಧೋಳದ ತಲೆ ಕಿರಿದು, ಕೊರಳು ಉದ್ದ. ಹಿಂದಕ್ಕೆ ಜಗ್ಗಿದರೆ ಪಟ್ಟಿ ಕಿವಿ ದಾಟಿ ಕಳಚಿಕೊಳ್ಳುತ್ತದೆ, ಬಿಗಿ ಮಾಡಿದರೆ ಉಸಿರು ಕಟ್ಟುತ್ತದೆ. ಕೊನೆಗೆ ಕೈ ಹಿಡಿದದ್ದು ಮಾರ್ಟಿಂಗೇಲ್ ಎಂಬ ಅಗಲವಾದ ಪಟ್ಟಿ. ಎಳೆದಾಗ ತಲೆ ನುಸುಳದಷ್ಟು ಬಿಗಿಯಾಗಿ ಅಲ್ಲಿಗೇ ನಿಲ್ಲುತ್ತದೆ, ಕುಣಿಕೆಯಂತೆ ಬಿಗಿಯುತ್ತಲೇ ಹೋಗುವುದಿಲ್ಲ. ಅದಕ್ಕೆ ಒಂದೂವರೆ ಮೀಟರಿನ ಹಗ್ಗ, ಅದಕ್ಕಿಂತ ಉದ್ದ ಬೇಡ. ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಜಾತಿ ಇದು. ಹಗ್ಗ ಉದ್ದವಿದ್ದಷ್ಟೂ ಓಟಕ್ಕೆ ವೇಗ ಕೂಡಿ, ಕೊನೆಯ ಜಗ್ಗು ಅವನ ಕೊರಳಿಗೂ ನನ್ನ ಭುಜಕ್ಕೂ ಬೀಳುತ್ತದೆ.

ಎಳೆದಷ್ಟೂ ಬಿಚ್ಚಿಕೊಂಡು, ಗುಂಡಿ ಒತ್ತಿದರಷ್ಟೇ ನಿಲ್ಲುವ ಸುರುಳಿ ಹಗ್ಗದ ಮೇಲೆ ನನಗಿರುವ ಸಿಟ್ಟಿಗೂ ಇದೇ ಕಾರಣ. ಮಗ ಪ್ರೀತಿಯಿಂದ ಕೊಡಿಸಿದ್ದ. ಒಂದು ಸಂಜೆ ಬೆಕ್ಕು ಅಡ್ಡ ಬಂತು, ಸುರುಳಿ ಬಿಚ್ಚಿತು, ದಾರಕ್ಕೆ ಕೈ ಹಾಕಿ ಅಂಗೈ ಸುಲಿಯಿತು, ಹಿಡಿ ಜಾರಿತು. ಆ ಪ್ಲಾಸ್ಟಿಕ್ ಹಿಡಿ ರಸ್ತೆಯ ಮೇಲೆ ಕಟಕಟ ಸದ್ದು ಮಾಡುತ್ತ ಬೆನ್ನಟ್ಟಿದರೆ ಭೀಮ ಬೆಕ್ಕನ್ನು ಮರೆತು ಅದಕ್ಕೇ ಹೆದರಿ ಓಡಿದ. ಮೂರು ಬೀದಿಗಳಾಚೆ, ಎಳನೀರಿನ ಗಾಡಿಯ ಕೆಳಗೆ ನಡುಗುತ್ತ ಕುಳಿತಿದ್ದ. ಅದೂ ಹೆಸರು ಭೀಮ!

ಈಗ ಇಬ್ಬರನ್ನೂ ಒಟ್ಟಿಗೆ ಕರೆದೊಯ್ಯುವುದನ್ನೇ ಬಿಟ್ಟಿದ್ದೇನೆ. ಮೊದಲು ಭೀಮನ ಬಿರುಸಿನ ನಡಿಗೆ, ಮನೆಗೆ ಬಂದು ಕಾಫಿ, ಆಮೇಲೆ ಚಿನ್ನಿ. ಎರಡು ಲೈಟ್ ಕಂಬಗಳನ್ನು ಮೂಸಿ ಮುಗಿಸಲು ಅವಳಿಗೆ ಇಪ್ಪತ್ತು ನಿಮಿಷ ಬೇಕು.