ಪೊಟ್ಯಾಸಿಯಂ ಇಲ್ಲ ಅಂತ ಸಲೈನ್ ಒಳ್ಳೇದಾ?

ಕಿಡ್ನಿ ಕಸಿಗೆ ರೋಗಿಯನ್ನು ಥಿಯೇಟರ್ ಒಳಗೆ ತಂದ ಕೂಡಲೇ ಇವತ್ತಿಗೂ ಎಷ್ಟೋ ಕಡೆ ಸ್ಟ್ಯಾಂಡಿಗೆ ನೇತು ಹಾಕುವುದು ನಾರ್ಮಲ್ ಸಲೈನ್, ಅಂದರೆ ಉಪ್ಪುನೀರಿನ ಡ್ರಿಪ್ ಬಾಟಲಿ. ಯಾಕೆ ಅಂದರೆ ಉತ್ತರ ರೆಡಿ ಇರುತ್ತದೆ: 'ಅದರಲ್ಲಿ ಪೊಟ್ಯಾಸಿಯಂ ಇಲ್ಲ.' ಅನಸ್ತೀಸಿಯಾ ಕೊಡುವ ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ.

ಹೆದರಿಕೆಯೇನೂ ಸುಳ್ಳಲ್ಲ. ಕೆಟ್ಟ ಕಿಡ್ನಿ ಪೊಟ್ಯಾಸಿಯಂ ಅನ್ನು ಸರಿಯಾಗಿ ಹೊರಹಾಕುವುದಿಲ್ಲ, ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅದಕ್ಕೇ ಮೊದಲೇ ರಿಪೋರ್ಟ್ ನೋಡಿ, ಬೇಕಾದರೆ ಡಯಾಲಿಸಿಸ್ ಮಾಡಿಸುತ್ತೇವೆ. ಆದರೆ ಸಲೈನ್ ಬದಲು ಹಾಕಬಹುದಾದ ಇನ್ನೊಂದು ಡ್ರಿಪ್ ಆರ್‌ಎಲ್‌ನಲ್ಲಿ (ರಿಂಗರ್ ಲ್ಯಾಕ್ಟೇಟ್) ಇರುವ ಪೊಟ್ಯಾಸಿಯಂ ಲೀಟರಿಗೆ ಸುಮಾರು 4 ಮಿಲಿಮೋಲ್ ಅಷ್ಟೇ. ರಕ್ತದಲ್ಲಿ 5 ಇರುವವರಿಗೆ 4 ಇರುವ ಡ್ರಿಪ್ ಹಾಕಿದರೆ ಅದು 6 ಆಗುವುದು ಹೇಗೆ ಸ್ವಾಮಿ?

ನಿಜವಾದ ತಕರಾರು ಸಲೈನ್‌ದೇ. ರಕ್ತದಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 100 ಮಿಲಿಮೋಲ್ ಇದ್ದರೆ ಸಲೈನ್‌ನಲ್ಲಿ 154. ಲೀಟರುಗಟ್ಟಲೆ ಸುರಿದರೆ ರಕ್ತದಲ್ಲಿ ಆಸಿಡ್ ಜಾಸ್ತಿಯಾಗುತ್ತದೆ. ಆಗ ಜೀವಕೋಶಗಳ ಒಳಗಿದ್ದ ಪೊಟ್ಯಾಸಿಯಂ ಆಚೆ ಬರುತ್ತದೆ. 2005ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಕಸಿ ವೇಳೆ ಪೊಟ್ಯಾಸಿಯಂ 6 ದಾಟಿದ್ದು ಸಲೈನ್ ಹಾಕಿಸಿಕೊಂಡವರಲ್ಲೇ. ಆರ್‌ಎಲ್ ಗುಂಪಿನಲ್ಲಿ ಒಬ್ಬರಿಗೂ ಇಲ್ಲ! 2023ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ದೊಡ್ಡ ಅಧ್ಯಯನ ಬಂತು. ಕಸಿಯಾದ ಮೊದಲ ವಾರದಲ್ಲೇ ಮತ್ತೆ ಡಯಾಲಿಸಿಸ್ ಬೇಕಾದವರು ಸಲೈನ್ ಗುಂಪಿನಲ್ಲಿ ನೂರಕ್ಕೆ ಸುಮಾರು 40, ಆರ್‌ಎಲ್ ಥರವೇ ಕ್ಲೋರೈಡ್ ಕಡಿಮೆ ಇರುವ ಪ್ಲಾಸ್ಮಾಲೈಟ್ ಡ್ರಿಪ್‌ನ ಗುಂಪಿನಲ್ಲಿ 30. ಅವರೆಲ್ಲ ಮೃತ ದಾನಿಗಳ ಕಿಡ್ನಿ ಪಡೆದವರು, ನಮ್ಮಲ್ಲಿ ಜಾಸ್ತಿ ಅಪ್ಪನೋ ಅಮ್ಮನೋ ಹೆಂಡತಿಯೋ ಕೊಟ್ಟದ್ದು, ನಿಜ. ಹಾಗಂತ ಸಲೈನ್‌ಗೇ ಅಂಟಿಕೊಳ್ಳಲು ಕಾರಣ ಏನಿದೆ?

ಯಾವ ಡ್ರಿಪ್ ಅನ್ನುವಷ್ಟೇ ಮುಖ್ಯ ಎಷ್ಟು, ಯಾವಾಗ ಅನ್ನುವುದು. ಸರ್ಜನ್ ರಕ್ತನಾಳ ಹೊಲಿದು ಮುಗಿಸಿ, ರಕ್ತ ತಡೆಹಿಡಿದಿದ್ದ ಕ್ಲಿಪ್ ಬಿಡಿಸಲು 'ಕ್ಲಾಂಪ್ ತೆಗೀತೀನಿ' ಅನ್ನುವ ಹೊತ್ತಿಗೆ ಬಿಪಿ ಚೆನ್ನಾಗಿರಲೇಬೇಕು. ಮಂಜುಗಡ್ಡೆಯಲ್ಲಿಟ್ಟಿದ್ದ ಕಿಡ್ನಿ ಬಿಳಿಚಿಕೊಂಡಿರುತ್ತದೆ. ಕ್ಲಾಂಪ್ ಬಿಟ್ಟ ತಕ್ಷಣ ನೋಡನೋಡುತ್ತಲೇ ಗುಲಾಬಿ ಬಣ್ಣಕ್ಕೆ ತಿರುಗಿ ಬಿಗಿಯಾಗುತ್ತದೆ. ಕೆಲವೊಮ್ಮೆ ಮೂತ್ರನಾಳ ಹೊಲಿಯುವ ಮೊದಲೇ ಮೂತ್ರ ಚಿಮ್ಮಿ ಬಟ್ಟೆ ನೆನೆಯುತ್ತದೆ. ಇದಕ್ಕೆ ಬೈಯುವವರು ಯಾರೂ ಇಲ್ಲ ಬಿಡಿ. ಬಿಪಿ ಬಿದ್ದಿದ್ದರೆ ಮಾತ್ರ ಕಿಡ್ನಿ ಮೆತ್ತಗೆ, ಮಚ್ಚೆಮಚ್ಚೆಯಾಗಿ ಉಳಿಯುತ್ತದೆ. ಹಾಗಂತ ಸುಮ್ನೆ ನೀರು ತುಂಬಿಸಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಸಿವಿಪಿ (ಹೃದಯದ ಹತ್ತಿರದ ದೊಡ್ಡ ರಕ್ತನಾಳದ ಒತ್ತಡ) ಇಷ್ಟಕ್ಕೆ ಬರಲೇಬೇಕು ಅಂತ ಬಾಟಲಿ ಮೇಲೆ ಬಾಟಲಿ ಏರಿಸುವ ಹಳೇ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಡ್ರಿಪ್ ಸಾಕಷ್ಟು ಹೋಗಿದ್ದೂ ಬಿಪಿ ಏರದಿದ್ದರೆ ಬಿಪಿ ಏರಿಸುವ ಔಷಧಿ ನಾರ್‌ಅಡ್ರಿನಲಿನ್ ಸ್ವಲ್ಪ ಹಾಕುವುದು ಮೇಲು. ಕಿಡ್ನಿ ಕಾಪಾಡುತ್ತದೆ ಅಂತ ಕಡಿಮೆ ಡೋಸ್‌ನಲ್ಲಿ ಡೋಪಮಿನ್ ಅನ್ನೋ ಔಷಧಿ ಓಡಿಸುವುದಂತೂ ಬರೀ ನಂಬಿಕೆ.

ಔಷಧಿಗಳಲ್ಲಿ ಜಗಳ ಕಡಿಮೆ. ಸ್ನಾಯು ಸಡಿಲಿಸಲು ಅಟ್ರಾಕ್ಯೂರಿಯಂ ಅಥವಾ ಸಿಸ್‌ಅಟ್ರಾಕ್ಯೂರಿಯಂ. ಅವು ಬಹುಪಾಲು ರಕ್ತದಲ್ಲೇ ಒಡೆದು ಹೋಗುತ್ತವೆ, ಕಿಡ್ನಿಗಾಗಿ ಕಾಯುವುದಿಲ್ಲ. ನೋವಿಗೆ ಫೆಂಟನಿಲ್. ಮಾರ್ಫಿನ್ ಒಡೆದಾಗ ಉಳಿಯುವ ಅಂಶ ಹೊರಹೋಗಲು ಕಿಡ್ನಿಯೇ ಬೇಕು. ಹೊಸ ಕಿಡ್ನಿ ಇನ್ನೂ ಕಣ್ಣು ಬಿಡದಿದ್ದರೆ ಅದು ಒಳಗೇ ಸೇರಿ ಉಸಿರಾಟಕ್ಕೆ ಕುತ್ತು ತರಬಹುದು. ಕಿಡ್ನಿಗೆ ಪೆಟ್ಟು ಕೊಡಬಲ್ಲ ನೋವಿನ ಔಷಧಿ ಡೈಕ್ಲೋಫೆನಾಕ್ ಹತ್ತಿರವೂ ಬೇಡ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲು ಕೊಡುವ ಸ್ಟಿರಾಯ್ಡ್ ಕ್ಲಾಂಪ್ ತೆಗೆಯುವ ಮೊದಲೇ ಒಳಗೆ ಹೋಗಿರಬೇಕು, ಇದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರೂ ತಪ್ಪಿಲ್ಲ.

ದುಡ್ಡಿನ ನೆಪಕ್ಕೂ ಜಾಗವಿಲ್ಲ. ಪ್ಲಾಸ್ಮಾಲೈಟ್ ದುಬಾರಿ, ಒಪ್ಪೋಣ. ಆರ್‌ಎಲ್ ಹೆಚ್ಚೂಕಡಿಮೆ ಸಲೈನ್ ಬೆಲೆಗೇ ಸಿಗುತ್ತದೆ, ಎಲ್ಲ ಥಿಯೇಟರ್‌ನಲ್ಲೂ ಇರುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂನಿಂದ ಬಾಟಲಿ ರಕ್ತ ಹೆಪ್ಪುಗಟ್ಟಬಹುದು, ಹಾಗಾಗಿ ರಕ್ತ ಕೊಡುವ ಲೈನಿಗೆ ಮಾತ್ರ ಬೇಡ, ಅಲ್ಲಿಗೆ ಸಲೈನೇ ಇರಲಿ.