ಮನೆಗಿಂತ ಮೊದಲು ವರದಿ

ಕ್ಯಾಲಿಫೋರ್ನಿಯಾದವರ ಪರಿಸರಪ್ರೇಮವನ್ನು ಯಾರೂ ಶಂಕಿಸಬಾರದು. 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರವು ರಸ್ತೆಗಳ ಮೇಲೆ ಸೈಕಲ್ ಪಥದ ಗೆರೆ ಎಳೆಯಲು ಹೊರಟಾಗ, ಅದರಿಂದ ಪರಿಸರಕ್ಕಾಗುವ ಪರಿಣಾಮವನ್ನು ಪರಿಶೀಲಿಸಿಲ್ಲವೆಂಬ ದಾವೆಯ ಮೇಲೆ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಸೈಕಲ್ಲು ನಿರಪಾಯಕಾರಿ ಎಂಬುದು ಕಾಗದದ ಮೇಲೆ ಸಾಬೀತಾಗಲು ಬೇಕಾದ ನಾಲ್ಕು ವರ್ಷಗಳ ಕಾಲ ಜನರು ನಿಶ್ಚಿಂತೆಯಿಂದ ಕಾರು ಓಡಿಸಿಕೊಂಡಿದ್ದರು. ಈ ಶ್ರದ್ಧೆಯ ಮೂಲ, 1970ರಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದ ರಾಜ್ಯದ ಪರಿಸರ ಗುಣಮಟ್ಟ ಕಾಯ್ದೆ. ನೆಲ, ಜಲ, ಗಾಳಿಯನ್ನು ಕಾಯಲು ಬಂದ ಆ ಕಾಯ್ದೆ, ಬರಬರುತ್ತಾ ಪಕ್ಕದ ಸೈಟಿನಲ್ಲಿ ಏಳಲಿರುವ ಅಪಾರ್ಟ್‌ಮೆಂಟನ್ನು ತಡೆಯುವುದಕ್ಕೂ ಒದಗಿಬಂತು.

ಇಂಥ ರಾಜ್ಯದ ಕೆಳಮನೆಗೆ 2020ರಲ್ಲಿ ಅಲೆಕ್ಸ್ ಲೀ ಎಂಬ 25ರ ತರುಣ ಆಯ್ಕೆಯಾದರು. 1938ರಿಂದೀಚೆಗೆ ಅಷ್ಟು ಎಳೆಯ ಶಾಸಕರನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ನಮ್ಮ ಕನ್ನಡಿಗರೂ ಸಾಕಷ್ಟು ಸಂಖ್ಯೆಯಲ್ಲಿ ನೆಲೆಸಿರುವ ಫ್ರೀಮಾಂಟ್, ಮಿಲ್ಪಿಟಾಸ್ ಅವರ ಕ್ಷೇತ್ರಕ್ಕೆ ಸೇರಿವೆ. ಶಾಸಕರಾದ ಮೇಲೂ ಅವರು ತಾಯಿಯ ಮನೆಯಲ್ಲೇ ಇದ್ದರು. ನಮ್ಮಲ್ಲಾದರೆ ಇದನ್ನು ಸಂಸ್ಕಾರವೆಂದು ಹೊಗಳುತ್ತಿದ್ದೆವು. ಸಿಲಿಕಾನ್ ಕಣಿವೆಯಲ್ಲಿ ಇದನ್ನು ಬಾಡಿಗೆಯ ಸೂಚ್ಯಂಕವೆಂದು ಓದಿಕೊಳ್ಳಬೇಕು.

ಎಳೆಯ ವಯಸ್ಸಲ್ಲವೇ, ಸರಕಾರವೇ ಮನೆ ಕಟ್ಟಿ ಬೇರೆ ಬೇರೆ ಆದಾಯದವರಿಗೆ ಬಾಡಿಗೆಗೆ ಕೊಡಲಿ ಎಂಬ ನೇರ ವಿಚಾರ ಅವರಿಗೆ ಹೊಳೆಯಿತು. ವಿಯೆನ್ನಾದಲ್ಲಿ ಇದು ನೂರು ವರ್ಷಗಳಿಂದ ನಡೆದುಬಂದಿದೆಯೆಂಬುದು ಅವರ ವಾದಕ್ಕೆ ಬಲ ಕೊಟ್ಟೀತೆಂದು ಭಾವಿಸಿದ್ದೇ ತಪ್ಪು. 2022ರ ಮಸೂದೆ ಮೇಲ್ಮನೆಯಲ್ಲಿ ಬಿತ್ತು. ಮರುವರ್ಷದ ಮಸೂದೆಯನ್ನು ಕತ್ತರಿಸಿ ಕತ್ತರಿಸಿ, ಸರಕಾರದ ಹೆಚ್ಚುವರಿ ಜಾಗದಲ್ಲಿ ಹೆಚ್ಚೆಂದರೆ ಮೂರು ಯೋಜನೆಗಳಿಗೆ ಇಳಿಸಿದ ಮೇಲೆ ಎರಡೂ ಸದನಗಳು ಒಪ್ಪಿದವು. 2023ರ ಅಕ್ಟೋಬರಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಅದನ್ನು ತಿರಸ್ಕರಿಸಿದರು. ಅದೇ ತಿಂಗಳು ಅವರು ಇನ್ನೊಂದು ಮಸೂದೆಗೆ ಸಂತೋಷದಿಂದ ಸಹಿ ಹಾಕಿದರು: ಇಂಥ ಮನೆಗಳನ್ನು ಕಟ್ಟಬಹುದೇ ಎಂದು ಅಧ್ಯಯನ ಮಾಡುವ ಮಸೂದೆ. ವರದಿಗೆ 2026ರ ಕೊನೆಯ ಗಡುವು. ಅಧ್ಯಯನಕ್ಕೆ ತಳಪಾಯ ಬೇಡ, ನೀರಿನ ಸಂಪರ್ಕ ಬೇಡ, ನೆರೆಯವರ ತಕರಾರಿಲ್ಲ. ಇಷ್ಟು ಪರಿಸರಸ್ನೇಹಿಯಾದ ನಿರ್ಮಾಣ ಬೇರೆ ಯಾವುದಿದೆ?

ನೆರೆಯವರ ವಿಷಯ ಬಂದಿತಾದ್ದರಿಂದ ವುಡ್‌ಸೈಡ್ ಎಂಬ ಧನಿಕರ ಊರನ್ನು ಸ್ಮರಿಸಲೇಬೇಕು. ಒಂಟಿ ಮನೆಯ ನಿವೇಶನದಲ್ಲಿ ಎರಡು ಮನೆಗೂ ಅವಕಾಶ ಕೊಡುವ ಕಾನೂನು 2022ರ ಜನವರಿಯಲ್ಲಿ ಜಾರಿಯಾದದ್ದೇ ತಡ, ಇಡೀ ಊರೇ ಪ್ಯೂಮಾ ಎಂಬ ಕಾಡುಬೆಕ್ಕಿನ ಆವಾಸಸ್ಥಾನವೆಂದು ಅಲ್ಲಿನ ಆಡಳಿತಕ್ಕೆ ಜ್ಞಾನೋದಯವಾಯಿತು. ಅಲ್ಲಿಯವರೆಗೆ ಎದ್ದಿದ್ದ ಬಂಗಲೆಗಳಿಗೆ ಪ್ಯೂಮಾಗಳ ಅಭ್ಯಂತರವಿರಲಿಲ್ಲ. ಎರಡನೆಯ ಅಡುಗೆಮನೆಯೊಂದೇ ಅವಕ್ಕೆ ಅಸಹ್ಯವಾಗಿತ್ತು. ಮನೆ ಕಟ್ಟಿಯಾಗಿರುವ ನೆಲ ಕಾಡಲ್ಲವೆಂದು ರಾಜ್ಯದ ಅಟಾರ್ನಿ ಜನರಲ್ ಪತ್ರ ಬರೆದ ಮೇಲೆ, ಕೆಲವೇ ದಿನಗಳಲ್ಲಿ ಊರು ತನ್ನ ಪ್ರಾಣಿದಯೆಯನ್ನು ಹಿಂಪಡೆಯಿತು.

ಬರ್ಕ್‌ಲಿಯಲ್ಲಂತೂ ಕಾಡುಪ್ರಾಣಿಯ ನೆರವೂ ಬೇಕಾಗಲಿಲ್ಲ. ವಿಶ್ವವಿದ್ಯಾಲಯದ ಹೊಸ ವಸತಿಗೃಹಕ್ಕೆ ಬರಲಿರುವ ವಿದ್ಯಾರ್ಥಿಗಳು ಮುಂದೆಂದೋ ಮಾಡಬಹುದಾದ ಗಲಾಟೆಯನ್ನು ಪರಿಸರ ವರದಿ ಪರಿಶೀಲಿಸಿಲ್ಲವೆಂದು 2023ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಮನೆಯಲ್ಲಿ ಇರುವವರು ಮಾಡುವ ಸದ್ದು ಪರಿಸರಕ್ಕೆ ಹಾನಿಯಲ್ಲವೆಂದು ಸಾರಲು ಅದೇ ವರ್ಷ ಶಾಸನಸಭೆ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು.

ಹೀಗೆ ಊರೊಳಗೆ ಮನೆ ಸಿಗದವರು ಆಲ್ಟಮಾಂಟ್ ಕಣಿವೆಯಾಚೆ ಟ್ರೇಸಿಯಲ್ಲಿ ಮನೆ ಮಾಡಿ, ನಸುಕಿಗೇ ಎದ್ದು, ಹೆದ್ದಾರಿಯಲ್ಲಿ ಸಾಲುಗಟ್ಟಿ ಹೊಗೆ ಬಿಡುತ್ತಾ ಕೆಲಸಕ್ಕೆ ಬರುತ್ತಾರೆ. ಆ ಹೊಗೆಯನ್ನು ತಡೆಯಲು ಯಾರೂ ತಡೆಯಾಜ್ಞೆ ತಂದಿಲ್ಲ. ರೈಲಿನ ಕಥೆಯೂ ಇಷ್ಟೇ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬಂತೆ, ಜನವಸತಿ ವಿರಳವಾದ್ದರಿಂದ ರೈಲು ದಂಡ, ರೈಲಿಲ್ಲದ್ದರಿಂದ ದಟ್ಟ ವಸತಿ ಬೇಡ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಊರುಗಳನ್ನು ಜೋಡಿಸುವ ಬಾರ್ಟ್ ರೈಲನ್ನು ಸ್ಯಾನ್ ಹೋಸೆಗೆ ತರಲೆಂದು ಸಾಂಟಾ ಕ್ಲಾರಾ ಕೌಂಟಿಯ ಮತದಾರರು 2000ದಲ್ಲೇ ತಮ್ಮ ಮೇಲೆ ತೆರಿಗೆ ಹೇರಿಕೊಂಡರು. ಆಗ ಅಲೆಕ್ಸ್ ಲೀಗೆ ಐದು ವರ್ಷ. ರೈಲು ಮಿಲ್ಪಿಟಾಸ್ ಮುಟ್ಟಿದ್ದು 2020ರ ಜೂನ್‌ನಲ್ಲಿ, ಕೊರೊನಾದಿಂದಾಗಿ ಎಲ್ಲರೂ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದ ಸುಮುಹೂರ್ತದಲ್ಲಿ. ಸ್ಯಾನ್ ಹೋಸೆಯ ಪೇಟೆಯ ನಡುವಿಗೆ ಅದು ಇನ್ನೂ ತಲುಪಬೇಕಿದೆ.

2025ರ ಜೂನ್ ಕೊನೆಯಲ್ಲಿ ಊರೊಳಗಿನ ಬಹುಪಾಲು ವಸತಿ ಕಟ್ಟಡಗಳಿಗೆ ಆ ಹಳೆಯ ಕಾಯ್ದೆಯಿಂದ ವಿನಾಯಿತಿ ದೊರೆಯಿತು. ಸರಕಾರಿ ಮನೆಗಳ ಅಧ್ಯಯನದ ಗಡುವು ಮಾತ್ರ ಇದ್ದಲ್ಲೇ ಇದೆ. ಆ ವರದಿಯನ್ನು ಬರೆಯುವ ಅಧಿಕಾರಿಗಳೂ ದೂರದ ಯಾವುದೋ ಊರಿನಿಂದ ಕಾರಿನಲ್ಲೇ ಬರುತ್ತಿರಬೇಕು.