ಎಲೆ ಎತ್ತೋ ಗುಂಡ

ಕಳೆದ ಸಲ ಬೆಂಗಳೂರಿಗೆ ಹೋದಾಗ ಮಾವ ಒಂದು ಮಾತು ಅಂದರು. ಅದು ಇನ್ನೂ ಚುಚ್ಚುತ್ತಿದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಭಾನುವಾರ ಬೆಳಗ್ಗೆ, ಬಸವನಗುಡಿ ಕಡೆಯ ಒಂದು ಹೋಟೆಲು. ಹೆಸರು ಬೇಡ ಬಿಡಿ. ಮುಕ್ಕಾಲು ಗಂಟೆ ಕಾದು, ಆಮೇಲೆ ತಿನ್ನುತ್ತಿದ್ದವರ ಕುರ್ಚಿ ಹಿಂದೆ ನಿಂತು, ಅವರು ಕಾಫಿಯ ಕೊನೇ ಗುಟುಕು ಕುಡಿಯೋದನ್ನೇ ದಿಟ್ಟಿಸಿ, ಅಂತೂ ಸೀಟು ಹಿಡಿದೆವು. ಮಾವ, ಅತ್ತೆ, ನಾನು, ಮಾವನ ವಾಕಿಂಗ್ ಗೆಳೆಯರಿಬ್ಬರು. ಐದು ಮಸಾಲೆ ದೋಸೆ, ಹಂಚಿಕೊಳ್ಳೋಕೆ ಒಂದು ಕೇಸರಿಬಾತು. ತಿಂದಾಯಿತು. ನಾನು ಏನೋ ಮಾತಾಡುತ್ತಾ, ಯೋಚನೆಯೇ ಮಾಡದೆ, ಐದೂ ತಟ್ಟೆಗಳನ್ನ ಒಂದರ ಮೇಲೊಂದು ಪೇರಿಸಿ, ಮೇಲೆ ಚಟ್ನಿ ಬಟ್ಟಲು ಇಟ್ಟು, ಎತ್ತಿಕೊಂಡು ಹೊರಟೇಬಿಟ್ಟೆ. ಎಲ್ಲಿಗೆ? ಅಲ್ಲಿ ತಟ್ಟೆ ತಗೊಂಡು ಹೋಗಿ ಇಡೋ ಜಾಗವೇ ಇಲ್ಲ. ಎರಡು ಮೇಜಿನ ನಡುವೆ ಎಂಜಲು ತಟ್ಟೆ ಹಿಡಿದು ಪೆದ್ದನ ಹಾಗೆ ನಿಂತೆ. ಸಪ್ಲೈಯರ್ ಓಡಿ ಬಂದು "ಬಿಡಿ ಸಾರ್, ಹುಡುಗ ಬರ್ತಾನೆ" ಅಂತ ಕಿತ್ತುಕೊಂಡರು.

ವಾಪಸ್ ಬಂದು ಕೂತರೆ ಮಾವ, ಗೆಳೆಯರ ಮುಂದೆ, ಜೋರಾಗಿ: "ಏನೋ, ಹನ್ನೊಂದು ವರ್ಷ ಸಿಂಗಾಪುರದಲ್ಲಿ ಕಲಿತಿದ್ದು ಎಂಜಲು ಎತ್ತೋದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತೆ ಮಾತ್ರ ನಗದೆ "ಮೊದಲು ಕೈ ತೊಳ್ಕೊಂಡು ಬಾ" ಅಂದರು.

ಹೌದು ಮಾವ, ಅದನ್ನೇ ಕಲಿತಿದ್ದು. ಅಲ್ಲೇ ಹೇಳಬೇಕಿತ್ತು, ಆಗ ಬಾಯಿ ಬರಲಿಲ್ಲ.

ಇಲ್ಲಿ ಸಿಂಗಾಪುರದಲ್ಲಿ ನಮ್ಮ ಮನೆಯಿಂದ ಐದು ನಿಮಿಷ ನಡೆದರೆ ಒಂದು ಹಾಕರ್ ಸೆಂಟರ್ ಇದೆ. ಮೇಲೆ ಸೂರು, ಸುತ್ತ ಗೋಡೆಯಿಲ್ಲ, ಸಾಲಾಗಿ ಪುಟ್ಟ ಪುಟ್ಟ ಅಂಗಡಿ, ನಡುವೆ ನೆಲಕ್ಕೆ ಬಿಗಿದ ಮೇಜು, ಸ್ಟೂಲು. ಮುಂಚೆ ಬೀದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಮಾರುತ್ತಿದ್ದವರನ್ನು 1970ರ ದಶಕದಿಂದ ಸರ್ಕಾರ ನಲ್ಲಿ, ಚರಂಡಿ, ಕರೆಂಟು ಇರೋ ಇಂಥ ಸೂರುಗಳ ಕೆಳಗೆ ತಂದು ಕೂರಿಸಿತು. ಈಗ ಇಷ್ಟು ಚಿಕ್ಕ ದೇಶದಲ್ಲಿ ಇಂಥವು ನೂರಕ್ಕೂ ಜಾಸ್ತಿ. 2020ರಲ್ಲಿ ಈ ಹಾಕರ್ ಸಂಸ್ಕೃತಿಯನ್ನ ಯುನೆಸ್ಕೋದ ಪರಂಪರೆ ಪಟ್ಟಿಗೂ ಸೇರಿಸಿಕೊಂಡರು. ನನಗೆ ಆ ಪಟ್ಟಿಗಿಂತ ಮುಖ್ಯವಾದದ್ದು ಐದಾರು ಡಾಲರಿಗೆ ಹೊಟ್ಟೆ ತುಂಬುತ್ತೆ ಅನ್ನೋದು. ಬೀ ಹೂನ್ ಅಂತ ಒಂದು ಕೊಡ್ತಾರೆ, ನಮ್ಮ ಒತ್ತು ಶಾವಿಗೆಯ ದೂರದ ನೆಂಟ. ನಿಂಬೆಹಣ್ಣು ಹಿಂಡಿ ಒಗ್ಗರಣೆ ಹಾಕಿದ್ದರೆ ಇನ್ನೂ ಚೆನ್ನಾಗಿರ್ತಿತ್ತು ಅಂತ ಪ್ರತಿ ಸಲ ಅಂದುಕೊಂಡು, ಪ್ರತಿ ಸಲ ಪೂರ್ತಿ ತಿಂತೀನಿ.

ಸೀಟು ಹಿಡಿಯೋ ಪದ್ಧತಿ ನೋಡಿದರೆ ನೀವು ಇದು ನಮ್ಮೂರೇ ಅಂತೀರಿ. ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಪೇಪರ್ ಪ್ಯಾಕೆಟ್ ಇಟ್ಟು ಹೋಗಿ ಕ್ಯೂ ನಿಂತರೆ ಆಯ್ತು, ಆ ಜಾಗ ನಿಮ್ಮದು. ಇದಕ್ಕೆ 'ಚೋಪ್' ಅಂತಾರೆ. ಕೋಟಿ ಸಂಬಳದವನೂ ಆ ಪ್ಯಾಕೆಟ್ ಸರಿಸಲ್ಲ. ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದು ಬೆಳೆದ ನನಗೆ ಇದನ್ನ ಯಾರೂ ಹೇಳಿಕೊಡಬೇಕಾಗಲಿಲ್ಲ.

ಆದರೆ ತಿಂದಾದ ಮೇಲೆ ದಾರಿ ಬೇರೆಯಾಗುತ್ತೆ. ಎಲ್ಲರೂ ಎದ್ದು, ಟ್ರೇ ಎತ್ತಿಕೊಂಡು, ಮೂಲೆಯಲ್ಲಿರೋ ರ‍್ಯಾಕಿಗೆ ಹೋಗಿ ಇಡ್ತಾರೆ. ಹಲಾಲ್ ತಟ್ಟೆಗೆ ಒಂದು ಕಡೆ, ಉಳಿದದ್ದಕ್ಕೆ ಇನ್ನೊಂದು ಕಡೆ. ಟೈ ಕಟ್ಟಿಕೊಂಡ ಬ್ಯಾಂಕಿನವನು, ಸ್ಕೂಲ್ ಯೂನಿಫಾರ್ಮಿನ ಹುಡುಗಿ, ಕೋಲು ಊರಿಕೊಂಡ ಅಜ್ಜ. ಒಂದು ಸಲ ನನ್ನ ಮುಂದಿದ್ದ ಅಜ್ಜಿ ಒಂದು ಕೈಯಲ್ಲಿ ಟ್ರೇ, ಇನ್ನೊಂದು ಕೈಯಲ್ಲಿ ಮೊಮ್ಮಗನ ಕೈ ಹಿಡಿದಿದ್ದರು. ರ‍್ಯಾಕಿನ ಹತ್ತಿರ ನಿಂತು, ಮಗುವಿನ ಕೈಗೆ ಒಂದೇ ಒಂದು ಚಮಚ ಕೊಟ್ಟು, ಅದನ್ನ ಅವನೇ ಇಡೋವರೆಗೂ ಕಾದರು. ಹಿಂದೆ ನಾವು ಆರೇಳು ಜನ. ಯಾರೂ ಲೊಚಗುಟ್ಟಲಿಲ್ಲ. ಆ ಮಗುವಿಗೆ ಎರಡು ವರ್ಷ ಇರಬಹುದು. ಎಂಜಲು ಅನ್ನೋ ಮಾತು ಅದರ ಕಿವಿಗೆ ಯಾವತ್ತೂ ಬೀಳಲ್ಲ.

ನಮ್ಮಲ್ಲಿ ಬೀಳುತ್ತೆ. ಮದುವೆ ಊಟದಲ್ಲಿ ಉಂಡವನು ಎಲೆ ಮುಟ್ಟಬಾರದು ಅಂತ ಕಲಿತಿದ್ದೇವೆ, ಮಡಚಿ ಏಳಬೇಕು ಅಷ್ಟೇ. ಎಲೆ ಎತ್ತೋಕೆ ಬೇರೆ ಜನ. ಅವರು ಯಾರು, ಎಲ್ಲಿಂದ ಬಂದರು, ಅವರ ಊಟ ಆಯ್ತಾ ಅಂತ ನಾನಂತೂ ಒಂದು ಸಲವೂ ಕೇಳಿದ್ದಿಲ್ಲ. "ಎಲೆ ಎತ್ತೋ ಗುಂಡ ಅಂದ್ರೆ ಉಂಡೋರೆಷ್ಟು ಜನ ಅಂದನಂತೆ" ಅಂತ ಗಾದೆ ಹೇಳಿ ಗುಂಡನನ್ನ ಸೋಮಾರಿ ಅಂತ ನಗ್ತೀವಲ್ಲ, ನನಗೆ ಈಗ ಆ ಗುಂಡನ ಪ್ರಶ್ನೆ ಸರಿಯಾಗೇ ಇದೆ ಅನ್ನಿಸುತ್ತೆ. ಇನ್ನೂರು ಜನ ಉಂಡಿದ್ದರೆ ಒಬ್ಬ ಎಷ್ಟು ಅಂತ ಎತ್ತಬೇಕು?

ಮಾತಾಡಿಸೋ ರೀತಿ ಗಮನಿಸಿ ನೋಡಿ, ಒಂದೇ ಹೋಟೆಲಿನಲ್ಲಿ. ಒಳಗೆ ದೋಸೆ ಹುಯ್ಯೋರು "ಭಟ್ರೇ". ತಂದು ಕೊಡೋರು "ಗುರು", "ಬಾಸ್", ಸ್ವಲ್ಪ ವಯಸ್ಸಾಗಿದ್ದರೆ "ಅಣ್ಣ". ಟಬ್ಬು ಹಿಡಿದು ಮೇಜು ಒರೆಸೋನು ಬಂದ ತಕ್ಷಣ ಎಲ್ಲಿ ಹೋಯ್ತು ಬಹುವಚನ? "ಏಯ್, ಬಾರೋ ಇಲ್ಲಿ, ಇಲ್ಲೊಂಚೂರು ಒರೆಸು." ಮುಂಚೆ ಕುಂದಾಪುರ, ಹಾಸನದ ಕಡೆ ಹುಡುಗರಿರುತ್ತಿದ್ದರು, ತಿರುಗಿ ಏನಾದರೂ ಅಂದಾರು ಅಂತ ಸ್ವಲ್ಪ ಅಳುಕಿತ್ತು. ಈಗ ಒಡಿಶಾ, ಅಸ್ಸಾಮಿನಿಂದ ಬಂದ ಮಕ್ಕಳು. ಅವರಿಗೆ ಏಕವಚನ ಯಾವುದು ಬಹುವಚನ ಯಾವುದು ಗೊತ್ತಾಗಲ್ಲ ಅನ್ನೋದು ನಮಗೆ ಅನುಕೂಲವೇ ಆಗಿದೆ. ತಮಾಷೆ ಅಂದರೆ, ಆವತ್ತು ನಮ್ಮ ಮೇಜಿನ ಮೇಲಿನ ಗೋಡೆಯಲ್ಲೇ 'ಕಾಯಕವೇ ಕೈಲಾಸ' ಅಂತ ಬೋರ್ಡಿತ್ತು, ಪ್ಲಾಸ್ಟಿಕ್ ಹೂವಿನ ಹಾರ ಬೇರೆ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಅಂತ ಸ್ಕೂಲಲ್ಲಿ ಓದಿ ನಂಬರ್ ತೆಗೆದವರು ನಾವು. ಈಗ ಮಾರಯ್ಯನೇ ಬಂದು ಮೇಜಿನ ಕೆಳಗೆ ಬಗ್ಗಿದರೆ "ಕಾಲು ತಗೀತೀನಿ ಇರಪ್ಪಾ" ಅನ್ನೋ ಸೌಜನ್ಯ ಎಷ್ಟು ಜನಕ್ಕೆ ಇದೆ?

ಇಲ್ಲಿ ಕ್ಲೀನ್ ಮಾಡೋರನ್ನ ಆಂಟಿ, ಅಂಕಲ್ ಅಂತಾರೆ. ಅಂಗಡಿ ಮಾಲೀಕನಿಗೂ ಅದೇ, ಟ್ಯಾಕ್ಸಿ ಓಡಿಸೋರಿಗೂ ಅದೇ.

ಇನ್ನೊಬ್ಬರ ವಿಷಯ ಹೇಳಬೇಕು. ಟೋನಿ ಟೇ ಅಂತ. 2003ರಲ್ಲಿ ತಾಯಿ ತೀರಿಕೊಂಡ ಮೇಲೆ ಬಡವರ ಮನೆಗೆ ಬ್ರೆಡ್ ಹಂಚೋಕೆ ಶುರು ಮಾಡಿದವರು. ಅದು ಬೆಳೆದು 'ವಿಲ್ಲಿಂಗ್ ಹಾರ್ಟ್ಸ್' ಅನ್ನೋ ದೊಡ್ಡ ಅಡುಗೆಮನೆಯಾಯ್ತು. ವರ್ಷದ 365 ದಿನವೂ ಒಲೆ ಉರಿಯುತ್ತೆ, ದಿನಕ್ಕೆ ಸಾವಿರಾರು ಊಟ ಪೊಟ್ಟಣ ಕಟ್ಟಿ ವಯಸ್ಸಾದವರಿಗೆ, ಕಾಯಿಲೆಯವರಿಗೆ, ವಲಸೆ ಬಂದ ಕೂಲಿಯವರಿಗೆ ಕಳಿಸ್ತಾರೆ. 2017ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾನು ಅಲ್ಲಿಗೆ ನಾಲ್ಕೈದು ಸಲ ಹೋಗಿದ್ದೇನೆ, ಶನಿವಾರ ಬೆಳಗ್ಗೆ. ಯಾರೂ ಹೆಸರು, ಕೆಲಸ, ಕಂಪನಿ ಕೇಳಲಿಲ್ಲ. ಒಂದು ಏಪ್ರನ್, ಒಂದು ಚಾಕು, ಮುಂದೆ ಈರುಳ್ಳಿ ರಾಶಿ. ಎಡಗಡೆ ಕಾಲೇಜು ಹುಡುಗ, ಬಲಗಡೆ ಒಬ್ಬರು ಹೆಂಗಸು, ಕೈಗಡಿಯಾರ ನೋಡಿದರೇ ದುಬಾರಿ ಅಂತ ಗೊತ್ತಾಗೋ ಥರದ್ದು. ಮೂರು ಜನವೂ ಅಳ್ತಾ ಕೂತಿದ್ದೆವು. ಮುಗಿದ ಮೇಲೆ ಆ ಹೆಂಗಸು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಸಿಪ್ಪೆಯ ಡಬ್ಬ ತಾವೇ ಹೊತ್ತುಕೊಂಡು ಹೋಗಿ ಸುರಿದು, ಡಬ್ಬ ತೊಳೆದು, ಮಗುಚಿ ಹಾಕಿ ಬಂದರು. ಫೋಟೋ ಇಲ್ಲ, ಏನಿಲ್ಲ. ನಮ್ಮಲ್ಲಾಗಿದ್ದರೆ ಶಾಲು ಹೊದಿಸಿಯೇ ಕಳಿಸ್ತಿದ್ದರು, ಮೈಸೂರು ಪೇಟದ ಸಮೇತ.

ಇಷ್ಟು ಹೇಳಿದ ಮೇಲೆ, ಮಾವನ ಪರವಾಗಿಯೂ ನಾಲ್ಕು ಮಾತು ಹೇಳದಿದ್ದರೆ ನಿದ್ದೆ ಬರಲ್ಲ. ಹೇಳೋಕೆ ಮನಸ್ಸಿಲ್ಲ, ಆದರೂ.

ಮೊದಲನೆಯದು, ಸಿಂಗಾಪುರದವರು ಹುಟ್ಟುತ್ತಲೇ ಟ್ರೇ ಎತ್ತಿದವರಲ್ಲ. ವರ್ಷಗಟ್ಟಲೆ ಪೋಸ್ಟರ್ ಅಂಟಿಸಿ ಬೇಡಿಕೊಂಡರೂ ಬಹಳ ಜನ ಹಾಗೇ ಬಿಟ್ಟು ಹೋಗುತ್ತಿದ್ದರು. ಮೇಜಿನ ಮೇಲೆ ಮೈನಾ ಹಕ್ಕಿಗಳು ಹಿಂಡಾಗಿ ಇಳಿದು ಉಳಿದ ನೂಡಲ್ಸಿಗೆ ಜಗಳ ಆಡೋದು ದಿನಾ ಕಾಣುತ್ತಿತ್ತು. "ನಾವೇ ಎತ್ತಿದರೆ ಕ್ಲೀನರ್‌ಗಳ ಕೆಲಸ ಹೋಗುತ್ತೆ" ಅನ್ನೋ ವಾದ ಇಲ್ಲೂ ಇತ್ತು, ಥೇಟ್ ನಮ್ಮೂರ ವಾದವೇ. 2021ರ ಸೆಪ್ಟೆಂಬರ್ 1ರಿಂದ ಹಾಕರ್ ಸೆಂಟರುಗಳಲ್ಲಿ ಕಾನೂನು ಬಿಗಿ ಮಾಡಿದರು. ಮೊದಲ ಸಲ ಸಿಕ್ಕಿಬಿದ್ದರೆ ಬರಹದಲ್ಲಿ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಹತ್ತಿರ ಹತ್ತಿರ ಇಪ್ಪತ್ತು ಸಾವಿರ ರೂಪಾಯಿ. ಆಮೇಲೆ ನೋಡಿ, ಎಲ್ಲರಿಗೂ ಸಂಸ್ಕಾರ ಬಂದುಬಿಡ್ತು. ನನಗೂ ಅಷ್ಟೇ. ಅದಕ್ಕೂ ಮುಂಚೆ ಏಳು ವರ್ಷ ಇಲ್ಲೇ ಇದ್ದೆ, ತಿಂದು ಕೈ ಒರೆಸಿಕೊಂಡು ಎದ್ದು ಬರ್ತಿದ್ದೆ. ಇದನ್ನ ಮಾವನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಎರಡನೆಯದು, ನಮಗೆ ತಟ್ಟೆ ಎತ್ತೋದು ಗೊತ್ತೇ ಇಲ್ಲ ಅನ್ನೋದೂ ಸುಳ್ಳು. ಹಾಸ್ಟೆಲಿನಲ್ಲಿ ಆರು ವರ್ಷ ನನ್ನ ತಟ್ಟೆ ನಾನೇ ತೊಳೆದಿದ್ದೇನೆ, ಚಳಿಗಾಲದ ಬೆಳಗ್ಗೆ ತಣ್ಣೀರಲ್ಲಿ. ಬೆಂಗಳೂರಿನ ದರ್ಶಿನಿಗಳಲ್ಲಿ ನೋಡಿ, ಕಟ್ಟೆಗೆ ಆತುಕೊಂಡು ನಿಂತು ಇಡ್ಲಿ ತಿಂದವರು ತಟ್ಟೆಯನ್ನ ತಾವೇ ತಗೊಂಡು ಹೋಗಿ ಟಬ್ಬಿಗೆ ಹಾಕ್ತಾರೆ. ಯಾವ ದಂಡವೂ ಇಲ್ಲ, ಪೋಸ್ಟರೂ ಇಲ್ಲ. ಅದೇ ಮನುಷ್ಯ ಪಕ್ಕದ ಬೀದಿಯ ಹೋಟೆಲಿನಲ್ಲಿ ಕೂತು ತಿಂದರೆ ತಟ್ಟೆ ಮುಟ್ಟಲ್ಲ. ನಿಂತಾಗ ಇರೋ ಬುದ್ಧಿ ಕೂತಾಗ ಎಲ್ಲಿ ಹೋಗುತ್ತೋ ಕಾಣೆ. ದರ್ಶಿನಿ ಶುರುವಾಗಿ ನಲವತ್ತು ವರ್ಷ ಆಯ್ತು, ಇದಕ್ಕೆ ಉತ್ತರ ಕೊಟ್ಟವರನ್ನ ನಾನು ನೋಡಿಲ್ಲ.

ಮೂರನೆಯದು ಸ್ವಲ್ಪ ಕಷ್ಟದ್ದು. ಹೋದ ವರ್ಷ ಮಾವ, ಅತ್ತೆ ಹತ್ತು ದಿನಕ್ಕೆ ಇಲ್ಲಿಗೆ ಬಂದಿದ್ದರು. ಸೆರಂಗೂನ್ ರಸ್ತೆಯ ಟೆಕ್ಕಾ ಸೆಂಟರಿಗೆ ಕರೆದುಕೊಂಡು ಹೋದೆ. ತೋಸೈ ಅಂತ ಬೋರ್ಡಿರೋ ದೋಸೆ ತಿಂದೆವು. ನನ್ನ ಟ್ರೇ ಇಟ್ಟು ಮಾವನದನ್ನ ತಗೊಳ್ಳೋಕೆ ವಾಪಸ್ ಬರೋದರೊಳಗೆ ಕ್ಲೀನರ್ ಆಂಟಿ ಅದನ್ನ ಎತ್ತಿಯಾಗಿತ್ತು. ಬೆನ್ನು ಬಾಗಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಮಾವ ಅವರನ್ನೇ ನೋಡುತ್ತಾ ಕೂತಿದ್ದರು.

"ಎಷ್ಟೋ ವಯಸ್ಸು ಅವರಿಗೆ?"

"ಎಪ್ಪತ್ತೈದು ದಾಟಿರಬೇಕು ಮಾವ."

"ನನಗಿಂತ ದೊಡ್ಡೋರು. ನಮ್ಮಲ್ಲಿ ಆ ವಯಸ್ಸಿನೋರು ಬಂದ್ರೆ ಎದ್ದು ಜಾಗ ಬಿಡ್ತೀವಿ. ನಿಮ್ಮೋರು ಕೈಗೆ ಬಟ್ಟೆ ಕೊಟ್ಟು ಮೇಜು ಒರೆಸ್ಕೊಂಡು ಹೋಗಿ ಅಂತಾರೆ. ಇದಕ್ಕೇನಂತೀಯ?"

ಏನೂ ಅನ್ನಲಿಲ್ಲ. ಕೆಲವರು ಹೊತ್ತು ಹೋಗಲಿ ಅಂತ ಮಾಡ್ತಾರೆ ಅಂತ ಇಲ್ಲಿನವರು ಹೇಳೋದುಂಟು. ಇರಬಹುದು. ಆ ಕೈ ನೋಡಿದ ಮೇಲೆ ಅದನ್ನ ಮಾವನಿಗೆ ಹೇಳೋಕೆ ನಾಲಿಗೆ ಏಳಲಿಲ್ಲ. ಮತ್ತೆ ಇಲ್ಲಿ ನನಗೆ ಸಿಗದೇ ಇರೋದು ಇನ್ನೊಂದಿದೆ. ಹನ್ನೊಂದು ವರ್ಷದಲ್ಲಿ ಯಾವ ಹಾಕರ್ ಅಂಗಡಿಯಲ್ಲೂ ಯಾರೂ ನನ್ನ ಮೇಜಿನ ಹತ್ತಿರ ಬಂದು ಬಕೆಟ್ಟಿನಿಂದ ಸೌಟು ಎತ್ತಿ "ಇನ್ನೊಂಚೂರು ಸಾಂಬಾರ್ ಹಾಕ್ಲಾ ಸಾರ್" ಅಂದಿಲ್ಲ. ಕಾಫಿ ಅಂಗಡಿಯ ಅಂಕಲ್‌ಗೆ ನನ್ನ ಮುಖ ಗೊತ್ತು, ನಾನು ಬಾಯಿ ಬಿಡೋ ಮುಂಚೆಯೇ "ಕೊಪಿ ಸಿಯು ದಾಯ್" ಅಂತ ಸಕ್ಕರೆ ಕಡಿಮೆ ಹಾಕಿ ಕೊಡ್ತಾರೆ, ಸರಿ. ಆದರೆ ಊರಿಂದ ಬಂದ್ರಾ, ಅಮ್ಮ ಹೇಗಿದ್ದಾರೆ ಅಂತ ಕೇಳೋದು ಆ ಬಸವನಗುಡಿಯ ಸಪ್ಲೈಯರ್ರೇ. ಆವತ್ತು ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡವರೂ ಅವರೇ.

ಮೊನ್ನೆ ಮಾವ ಫೋನ್ ಮಾಡಿದ್ದರು. ಡಿಸೆಂಬರಿನಲ್ಲಿ ಬರ್ತೀನಿ ಅಂದೆ. "ಬಾ, ಭಾನುವಾರ ಅದೇ ಹೋಟೆಲಿಗೆ ಹೋಗೋಣ. ಆದ್ರೆ ಈ ಸಲ ತಟ್ಟೆ ಮುಟ್ಟಕೂಡದು, ಈಗ್ಲೇ ಹೇಳಿದೀನಿ" ಅಂದರು.

ಮುಟ್ಟಲ್ಲ ಮಾವ, ಆದರೆ ಬಿಲ್ಲು ನಂದು ಅಂದೆ. ಅದಕ್ಕಿನ್ನೂ ಒಪ್ಪಿಲ್ಲ.